ತೋಳದ ಬಯಲಿನಲ್ಲಿ ನಾವು ಹಚ್ಚಿದ ಗಿಡಗಳು

ಬಸವಕಲ್ಯಾಣದ ನನ್ನ ಮನೆಯಿಂದ ಹುಮನಾಬಾದಿನ ಪ್ರೌಢಶಾಲೆಗೆ ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಬಸ್ಸು ಹೆದ್ದಾರಿಯ ನಡುವೆ ನಿಧಾನವಾಯಿತು. ಮುಂದೆ ಏನೋ ಬಿದ್ದಿತ್ತು. "ನಾಯಿ ಸತ್ತದ, ಬಾಜೂಲಿಂದ ತಗೋ," ಎಂದು ಕಂಡಕ್ಟರ್ ಡ್ರೈವರನಿಗೆ ಕೂಗಿದ. ಬಸ್ಸು ಬಳಸಿಕೊಂಡು ಹೋಗುವಾಗ ನಾನು ಕಿಟಕಿಯಿಂದ ಕೆಳಗೆ ನೋಡಿದೆ. ನಾಯಿಗೆ ಅಷ್ಟು ಉದ್ದನೆಯ ಕಾಲುಗಳಿರುವುದಿಲ್ಲ. ಹುಲ್ಲು ಒಣಗಿದಾಗ ಬರುವ ಬಣ್ಣದ ಮೈ, ಬೆನ್ನ ಮೇಲೆ ಕಪ್ಪು ಗೆರೆ. ತೋಳದ ಬಗ್ಗೆ ಎಷ್ಟೋ ವರ್ಷ ಪಾಠ ಮಾಡಿದ್ದ ನಾನು ನಿಜವಾದ ತೋಳವನ್ನು ನೋಡಿದ್ದು ಅದೇ ಮೊದಲು.

ಮರುದಿನ ಪತ್ರಿಕೆಯಲ್ಲಿ ಅದರ ಚಿತ್ರ ಬಂತು. ಹುಮನಾಬಾದಿನಲ್ಲಿ ಔಷಧ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಆ ಪತ್ರಿಕೆಯನ್ನು ಹಿಡಿದು ನಮ್ಮ ಶಾಲೆಗೇ ಬಂದರು. ಅವರ ಮಗಳಿಗೆ ನಾನು ಪಾಠ ಹೇಳಿದ್ದೆ. ಊರಿನ ಯಾವ ಒಳ್ಳೆಯ ಕೆಲಸಕ್ಕೂ ಮೊದಲು ಹೆಗಲು ಕೊಡುವ ಮನುಷ್ಯ. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿ ಬಂತು.

"ಅಡವಿ ಉಳಿದಿಲ್ಲ ಬಾಯಾರ, ಅದಕ್ಕೇ ಅವು ರೋಡಿಗೆ ಬಂದು ಸಾಯಾಕತ್ತಾವ. ನಾವೆಲ್ಲ ಕೂಡಿ ಒಂದು ಅಡವಿ ಮಾಡಿ ಕೊಡೋಣು. ಮೂಕ ಜನಾವರ, ಅವು ಯಾರಿಗೆ ಹೇಳ್ಬೇಕ್ರಿ?"

ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರ ಎಂದೇ ಕರೆಯುತ್ತಾರೆ. ಅವರ ಮಾತು ನನಗೆ ಸರಿ ಎನಿಸಿತು. ಕಾಡು ಪ್ರಾಣಿಗಳ ಮನೆ ಎಂದು ವರ್ಷ ವರ್ಷವೂ ಮಕ್ಕಳಿಂದ ಬರೆಸಿದವಳು ನಾನೇ ಅಲ್ಲವೇ? ಒಂದು ಸಂಘವಾಯಿತು. ಅಂಗಡಿಯವರು, ವಕೀಲರು, ನಿವೃತ್ತರಾದವರು, ಎಲ್ಲ ಕೋಮಿನವರೂ ಸೇರಿದರು. ಹೆದ್ದಾರಿಯಿಂದ ಎರಡು ಮೈಲಿ ಒಳಗೆ ಒಂದು ಹಳ್ಳಿಯ ಗಾಯರಾಣ ಇತ್ತು. ಗಾಯರಾಣವೆಂದರೆ ಊರಿನ ದನಕರು ಮೇಯಲೆಂದು ಬಿಟ್ಟ ಸರ್ಕಾರಿ ಜಮೀನು. ಅಲ್ಲಿ ಗಿಡ ಹಚ್ಚಲು ಅನುಮತಿ ಕೇಳಬೇಕೆಂದು ತೀರ್ಮಾನವಾಯಿತು. ಅರ್ಜಿ ಬರೆಯುವ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಮನೆಯಲ್ಲಿ ಉರ್ದು ಆಡಿದರೂ ನಾನು ಓದಿದ್ದು ಕನ್ನಡದಲ್ಲಿ. ಕಚೇರಿಯ ಕನ್ನಡ ನನಗೆ ಚೆನ್ನಾಗಿ ಬರುತ್ತದೆ.

"ಸದರಿ ಜಮೀನು ಬರಡಾಗಿದ್ದು, ಯಾವುದೇ ಉಪಯೋಗಕ್ಕೆ ಬಾರದೆ ಪಾಳು ಬಿದ್ದಿರುತ್ತದೆ" ಎಂದು ಬರೆದೆ. ಆ ಜಮೀನನ್ನು ನಾನು ನೋಡಿದ್ದು ಒಂದೇ ಸಲ, ಮೇ ತಿಂಗಳಿನಲ್ಲಿ, ಮದುವೆಗೆ ಹೋಗುವ ಜೀಪಿನಿಂದ. ಆಗ ಅಲ್ಲಿ ಕೆಂಪು ಮಣ್ಣು, ಕಲ್ಲು, ಅಲ್ಲೊಂದು ಇಲ್ಲೊಂದು ಬಾರಿಗಿಡದ ಪೊದೆ ಮಾತ್ರ ಇತ್ತು. ಅಮ್ಮ ಅಂಥ ಜಾಗವನ್ನೆಲ್ಲ ಜಂಗಲ್ ಎನ್ನುತ್ತಿದ್ದಳು. ಒಂದು ಮರವೂ ಇಲ್ಲದ್ದು ಜಂಗಲ್ ಹೇಗಾಗುತ್ತದೆಂದು ನಾನು ಅವಳನ್ನು ತಿದ್ದುತ್ತಿದ್ದೆ.

ಎಳ್ಳಮಾವಾಸ್ಯೆಯ ದಿನ ಸಹೋದ್ಯೋಗಿಯೊಬ್ಬರು ತಮ್ಮ ಹೊಲಕ್ಕೆ ಊಟಕ್ಕೆ ಕರೆದಿದ್ದರು. ಅವರ ಹೊಲ ಆ ಗಾಯರಾಣಕ್ಕೆ ಹತ್ತಿಕೊಂಡೇ ಇತ್ತು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಮುಗಿಸಿ, ನಮ್ಮ ಅಡವಿ ಆಗಲಿರುವ ಜಾಗ ನೋಡಿಬರೋಣವೆಂದು ಒಬ್ಬಳೇ ನಡೆದೆ. ಈಗ ಅಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದು ಒಣಗಿತ್ತು. ಗಾಳಿ ಬೀಸಿದಾಗ ಇಡೀ ಬಯಲು ಒಂದು ಕಡೆ ವಾಲಿ ಮತ್ತೆ ಏಳುತ್ತಿತ್ತು. ಕಾಲಿಟ್ಟಲ್ಲೆಲ್ಲ ಸಣ್ಣ ಹಕ್ಕಿಗಳು ಬುರ್ರೆಂದು ಹಾರಿದವು. ದೂರದಲ್ಲಿ ಐದಾರು ಚಿಗರಿ ಜಿಂಕೆಗಳು ತಲೆ ಎತ್ತಿ ನನ್ನನ್ನು ನೋಡಿ, ಒಂದರ ಹಿಂದೊಂದು ಜಿಗಿಯುತ್ತ ಹೋದವು. ಅರ್ಜಿಯಲ್ಲಿ ಬರೆದ ಮಾತು ನೆನಪಾಗಿ ಸ್ವಲ್ಪ ಕಸಿವಿಸಿಯಾಯಿತು. ಸ್ವಲ್ಪವೇ.

ಅಲ್ಲಿ ಒಬ್ಬ ಕುರಿಗಾಹಿ ಇದ್ದರು. ಅರವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ, ಸುತ್ತ ಎಂಬತ್ತೋ ನೂರೋ ಕುರಿ. ಅವರ ಅಜ್ಜನ ಕಾಲದಿಂದಲೂ ಅವರ ಕುರಿಗಳು ಅಲ್ಲೇ ಮೇಯುತ್ತಿದ್ದವಂತೆ. ನಾನು ಯಾರೆಂದು, ಯಾಕೆ ಬಂದೆನೆಂದು ಹೇಳಿದೆ. ತೋಳಗಳನ್ನು ಉಳಿಸಲು ಇಲ್ಲಿ ಗಿಡ ಹಚ್ಚುತ್ತೇವೆ ಎಂದೆ.

"ತೋಳ ಇಲ್ಲೇ ಅದಾವಲ್ರಿ ಬಾಯಾರ," ಎಂದರು. "ಎಲ್ಲಿಂದ ತರಾಕತ್ತೀರಿ ನೀವು?"

ನಾನು ನಂಬಲಿಲ್ಲ. ಅವರು ಕೋಲಿನಿಂದ ತೋರಿಸಿ, ದನಿ ತಗ್ಗಿಸಿ, ನನ್ನನ್ನು ಒಂದು ದಿಬ್ಬದ ಹಿಂದೆ ಕರೆದುಕೊಂಡು ಹೋಗಿ ಕೂರಿಸಿದರು. ಎದುರಿನ ತಗ್ಗಿನಲ್ಲಿ ಒಂದು ದೊಡ್ಡ ಕೆಂಪು ಚಪ್ಪಡಿ ಮುಂದಕ್ಕೆ ಚಾಚಿತ್ತು. ಅದರ ಕೆಳಗೆ ಕತ್ತಲ ಬಾಯಿಯ ಒಂದು ಬಿಲ. ಅರ್ಧ ಗಂಟೆ ಕಳೆದ ಮೇಲೆ ಅದರೊಳಗಿನಿಂದ ಕಂದು ಬಣ್ಣದ ಒಂದು ಮರಿ ತೂರಾಡುತ್ತ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಮೂರನೆಯದು ಬಂದು ಮೊದಲನೆಯದರ ಬಾಲ ಕಚ್ಚಿತು.

"ಇದರವ್ವ ಹ್ವಾದ ವರ್ಷ ನಂದೊಂದು ಮರಿ ಒಯ್ತು," ಎಂದರು ಅವರು, ನೆರೆಮನೆಯವರ ಮಾತಾಡುವ ಹಾಗೆ. "ವರ್ಷಕ್ಕ ಒಂದೆರಡು ಒಯ್ತದ. ಉಳಿದಿದ್ದು ಮೊಲ, ಇಲಿ, ಚಿಗರಿ ಮರಿ. ಅದಕ್ಕ ಗಿಡ ಬ್ಯಾಡ್ರಿ. ದೂರದ ತನಕ ನದರ ಹೋಗಬೇಕು, ಓಡಾಕ ಜಗಾ ಬೇಕು. ಗಿಡದಾಗ ಅದು ಏನ್ ಮಾಡ್ತದ?"

ಹುಮನಾಬಾದಿಗೆ ಹೋದಕೂಡಲೇ ಇದನ್ನೆಲ್ಲ ಔಷಧ ಅಂಗಡಿಯವರಿಗೆ ಹೇಳಿದೆ. ಮರಿಗಳ ಸುದ್ದಿ ಕೇಳಿ ಅವರು ಮಗುವಿನ ಹಾಗೆ ಸಂತೋಷಪಟ್ಟರು. ಕುರಿಗಾಹಿಯ ಮಾತು ಹೇಳಿದಾಗ ಮೆಲ್ಲಗೆ ನಕ್ಕರು. "ಅವಂಗ ಕುರಿ ಮೇಯೋ ಜಗಾ ಹೋಗ್ತದಂತ ಫಿಕರ್ ಆಗ್ಯಾದ್ರಿ. ಅದಕ್ಕ ಹಂಗ ಅಂತಾನ." ನನಗೂ ಹಾಗೆಯೇ ಅನ್ನಿಸಿತು ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಪುಸ್ತಕದಲ್ಲಿ ಓದಿದವಳು ನಾನು. ಅವರು ಓದು ಬಾರದ ಮನುಷ್ಯ. ಆದರೂ ಗಿಡ ಹಚ್ಚುವ ಜಮೀನಿನ ನಕ್ಷೆಯ ಮೇಲೆ ಆ ಚಪ್ಪಡಿ ಇದ್ದ ಜಾಗಕ್ಕೆ ಕೆಂಪು ಪೆನ್ನಿನಿಂದ ಒಂದು ವೃತ್ತ ಹಾಕಿ, ಇಲ್ಲಿ ಅಗೆಯಬಾರದು ಎಂದು ಬರೆದೆ. ಅಂಗಡಿಯವರು ಆ ನಕ್ಷೆಯನ್ನು ತಾವೇ ಹೋಗಿ, ಅರ್ಜಿ ಕೊಟ್ಟಿದ್ದ ಕಚೇರಿಗೆ ಕೊಟ್ಟು ಬಂದರು. ಅವರು ಕೊಟ್ಟದ್ದು ನಿಜ. ನಕ್ಷೆ ಅಲ್ಲಿಂದ ಮುಂದೆ ಹೋಗಲಿಲ್ಲ.

ಅನುಮತಿ ಸಿಕ್ಕಿತು. ಸಂಕ್ರಾಂತಿ ಆದ ಮೇಲೆ ಮಣ್ಣು ಅಗೆಯುವ ಯಂತ್ರ ಬಂತು. ಮಳೆಗಾಲದಲ್ಲಿ ಗಿಡ ಹಚ್ಚಬೇಕಾದರೆ ಗುಂಡಿ, ಕಾಲುವೆಗಳನ್ನು ಮೊದಲೇ ತೋಡಿ ಮಣ್ಣು ಬಿಸಿಲಿಗೆ ಬಿಡಬೇಕು. ನನಗದು ಗೊತ್ತಿತ್ತು. ಆದರೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು, ಹೋಗಿ ನೋಡಲು ಪುರುಸೊತ್ತಾಗಲಿಲ್ಲ. ಒಂದು ಮಧ್ಯಾಹ್ನ ನಾನು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಾಗ ಶಾಲೆಯ ಗೇಟಿನ ಹತ್ತಿರ ಯಾರೋ ಬಂದಿದ್ದಾರೆಂದು ಹೇಳಿದರು. ಕುರಿಗಾಹಿ ನಿಂತಿದ್ದರು. ಕಾಲಿನ ತುಂಬ ಕೆಂಪು ಧೂಳು. ಆ ಹಳ್ಳಿಯಿಂದ ನಡೆದೇ ಬಂದಿದ್ದರು. ಎರಡೂ ಕೈಯ ಉಗುರುಗಳು ಒಡೆದು ರಕ್ತ ಹೆಪ್ಪುಗಟ್ಟಿತ್ತು.

"ಬಾಯಾರ, ತೋಳದ ಬಿಲಕ್ಕ ಮಣ್ಣ ಮುಚ್ಯಾರ್ರಿ," ಎಂದರು. "ನಿನ್ನಿ ಮುಂಜಾನಿ. ನಾ ಬ್ಯಾಡ ಬ್ಯಾಡ ಅಂದೆ. ಡ್ರೈವರ ಕೆಳಗ ಇಳಿಲಿಲ್ಲ. ಲೈನ್ ಸೀದಾ ಬರಬೇಕಂತ. ನಿನ್ನಿಯಿಂದ ತೆಗ್ಯಾಕತ್ತೀನಿ, ಚಪ್ಪಡಿ ಒಂದು ಅಡ್ಡ ಕುಂತದ. ಒಬ್ಬಂಗ ಆಗವಲ್ದು."

ನಾನು ರಜೆಯನ್ನೂ ಬರೆದುಕೊಡದೆ ಅವರ ಜೊತೆ ಆಟೊ ಹತ್ತಿದೆ. ಬಯಲಿನ ಮೇಲೆ ಉದ್ದಕ್ಕೂ ಸಾಲು ಸಾಲಾಗಿ ಕಾಲುವೆ ತೋಡಿದ್ದರು. ತೆಗೆದ ಮಣ್ಣನ್ನು ಹುಲ್ಲಿನ ಮೇಲೆ ಬದುವಿನಂತೆ ಸುರಿದಿದ್ದರು. ಒಂದು ಸಾಲು ಆ ತಗ್ಗಿನ ಮೇಲೆಯೇ ಹಾದುಹೋಗಿತ್ತು. ಚಪ್ಪಡಿ ಎರಡು ತುಂಡಾಗಿ ಕುಸಿದಿತ್ತು. ಯಂತ್ರ ಆಗಲೇ ಬಹಳ ದೂರ ಹೋಗಿ ಗಡಗಡ ಸದ್ದು ಮಾಡುತ್ತಿತ್ತು.

"ಅಲ್ಲಿ ನೋಡ್ರಿ," ಎಂದರು ಅವರು.

ಆಚೆಯ ದಿಬ್ಬದ ಮೇಲೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ತಾಯಿತೋಳ ನಿಂತಿತ್ತು. ಮನುಷ್ಯರನ್ನು ಕಂಡರೆ ಮರೆಯಾಗುವ ಪ್ರಾಣಿ. ಅದು ಓಡಲಿಲ್ಲ. ಕೂತಿತು, ಎದ್ದಿತು, ನಾಲ್ಕು ಹೆಜ್ಜೆ ನಮ್ಮ ಕಡೆ ಬಂದು ಮತ್ತೆ ಹಿಂದೆ ಹೋಯಿತು. ಅದರ ಮೊಲೆಗಳು ಜೋತಾಡುತ್ತಿದ್ದದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಅವರು ಹಾರೆ ಹಾಕಿ ಮೀಟಿದರು, ನಾನು ತುಂಡಾದ ಕಲ್ಲಿನ ಕೆಳಗೆ ಸಣ್ಣ ಕಲ್ಲುಗಳನ್ನು ಕೊಟ್ಟೆ. ಕಡೆಗೂ ತೋಳು ತೂರುವಷ್ಟು ಸಂದು ಆಯಿತು. ನನ್ನ ತೋಳು ಸಣ್ಣದೆಂದು ನಾನೇ ಮಲಗಿ ಕೈ ಹಾಕಿದೆ. ಮೊದಲು ಸಿಕ್ಕಿದ್ದು ತಣ್ಣಗಿತ್ತು. ಎರಡನೆಯದೂ ತಣ್ಣಗಿತ್ತು, ಅದರ ಬಾಯಿಯ ತುಂಬ ಮಣ್ಣು. ಮೂರನೆಯದನ್ನು ಹಿಡಿದು ಎಳೆಯುವಾಗ ಅದು ಬೆರಳಿನ ಸಂದಿನಲ್ಲಿ ಅಲುಗಾಡಿತು. ನನ್ನ ಓಢಣಿಯಿಂದ ಅದರ ಮೂಗು ಒರೆಸಿದೆ. ಕುಂಯ್ಯೆನ್ನುವ ಶಕ್ತಿಯೂ ಅದಕ್ಕಿರಲಿಲ್ಲ.

"ಭಾಳ ಮುಟ್ಟಬ್ಯಾಡ್ರಿ, ನಿಮ್ಮ ವಾಸನಿ ಹತ್ತತದ," ಎಂದು ಅವರು ಅದನ್ನು ಒಂದು ಕಲ್ಲಿನ ಮೇಲೆ ಇರಿಸಿ ನನ್ನನ್ನು ದೂರ ಕರೆದೊಯ್ದರು. ನಾವು ಒಂದು ಮಣ್ಣಿನ ಗುಡ್ಡೆಯ ಹಿಂದೆ ಕೂತೆವು. ತಾಯಿ ಸುತ್ತುಹಾಕಿಕೊಂಡು ಬಂತು. ಮೊದಲು ಸತ್ತ ಎರಡನ್ನೂ ಮೂಸಿತು, ಮೂಗಿನಿಂದ ತಳ್ಳಿತು, ಕಾಯಿತು. ಮತ್ತೆ ತಳ್ಳಿತು. ಆಮೇಲೆ ಬದುಕಿದ್ದನ್ನು ಬಾಯಲ್ಲಿ ಕಚ್ಚಿಕೊಂಡು ಹುಲ್ಲಿನಲ್ಲಿ ಹೋಯಿತು. ಅವರು ಕಂಬಳಿಯಿಂದ ಮುಖ ಒರೆಸಿಕೊಂಡರು. ಸತ್ತ ಮರಿಗಳನ್ನು ನಾವು ಅಲ್ಲೇ, ಯಂತ್ರ ತೋಡಿದ ಒಂದು ಗುಂಡಿಯಲ್ಲಿ ಮಣ್ಣುಮಾಡಿದೆವು.

ಸಂಜೆ ನೇರವಾಗಿ ಔಷಧ ಅಂಗಡಿಗೆ ಹೋದೆ. ಗಿರಾಕಿಗಳನ್ನು ಕಳಿಸಿ ಅವರು ಒಳಗೆ ಕರೆದರು. ನಾನು ಹೇಳಿದ್ದು ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತರು. ಅವರ ದುಃಖ ನಟನೆಯಾಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದರು.

"ಬಾಯಾರ, ಇದು ಪೇಪರಿನಾಗ ಬಂತಂದ್ರ ಇಡೀ ಕೆಲಸ ನಿಂತುಬಿಡ್ತದ. ಡ್ರೈವರ್ ಜೈಲಿಗೆ ಹೋಗ್ತಾನ, ಬಡವ ಅವ. ನಿಮ್ಮ ಅರ್ಜಿ, ನನ್ನ ಸಹಿ. ಆಗಿದ್ದು ಆಗಿಹೋಯ್ತು. ಒಂದು ಮರಿ ಉಳದದಲ್ಲ, ಅದಕ್ಕಾದ್ರೂ ಅಡವಿ ಬ್ಯಾಡೇನ್ರಿ?"

ನಾನು ಒಪ್ಪಿದೆ. ಇದನ್ನು ಬರೆಯುವಾಗ ಬೇರೆ ಯಾವುದಾದರೂ ಶಬ್ದ ಹುಡುಕಬಹುದು, ಒತ್ತಾಯಕ್ಕೆ ಮಣಿದೆ ಎನ್ನಬಹುದು. ಆದರೆ ಯಾರೂ ಒತ್ತಾಯಿಸಲಿಲ್ಲ. ಅರ್ಜಿಯಲ್ಲಿದ್ದದ್ದು ನನ್ನ ಅಕ್ಷರ. ಹೆದರಿದೆ, ಒಪ್ಪಿದೆ. ಮನೆಯಲ್ಲಿ ಓಢಣಿಯ ಕೆಂಪು ಕಲೆ ಏನೆಂದು ತಂಗಿ ಕೇಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದೆ ಎಂದೆ.

ಮಳೆಗಾಲ ಬಂತು. ಗಿಡ ಹಚ್ಚುವ ದಿನ ಎರಡು ಊರುಗಳಿಂದ ಜನ ಬಂದರು. ಶಾಮಿಯಾನ, ಮೈಕು, ಶಿರಾ, ಉಪ್ಪಿಟ್ಟು. ನಮ್ಮ ಶಾಲೆಯ ಮಕ್ಕಳು ಹಸಿರು ರಿಬ್ಬನ್ ಕಟ್ಟಿಕೊಂಡು ಬಂದಿದ್ದರು. ನಾನು ಮೈಕಿನ ಮುಂದೆ ನಿಂತು ವನ್ಯಜೀವಿಗಳ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಮಾತಾಡುವಾಗ ಶಾಮಿಯಾನದ ಅಂಚಿನಲ್ಲಿ ಕುರಿಗಾಹಿಯೂ ಅವರ ಹೆಂಡತಿಯೂ ನಿಂತದ್ದು ಕಾಣಿಸಿತು. ಆ ಕಡೆ ನೋಡದೆ ಮಾತು ಮುಗಿಸಿದೆ. ಜೋರಾಗಿ ಚಪ್ಪಾಳೆ ಬಿತ್ತು. ಒಂದು ಶಾಲು ಹೊದಿಸಿದರು. ಬೇವು, ಹುಲಗಲ, ಅಕೇಶಿಯಾ, ಇನ್ನೂ ಹೆಸರು ಗೊತ್ತಿಲ್ಲದ ಸಸಿಗಳನ್ನು ಮಕ್ಕಳು ನಗುತ್ತ, ಕೆಸರು ಎರಚಿಕೊಳ್ಳುತ್ತ ಗುಂಡಿಗಳಿಗೆ ಇಳಿಸಿದರು. ಎರಡು ಮರಿಗಳಿದ್ದ ಗುಂಡಿಗೆ ಯಾವ ಸಸಿ ಹೋಯಿತೋ ನನಗೆ ತಿಳಿಯದು. ಅಷ್ಟು ಗುಂಡಿಗಳ ನಡುವೆ ಗುರುತು ಸಿಗಲಿಲ್ಲ.

ಮರುವಾರ ಸುತ್ತಲೂ ತಂತಿಬೇಲಿ ಬಂತು. ಸಸಿಗಳನ್ನು ಕುರಿ ತಿನ್ನಬಾರದಲ್ಲ. ಕುರಿಗಾಹಿಯನ್ನು ಒಳಗೆ ಬಿಡಬಾರದೆಂದು ಒಬ್ಬ ಕಾವಲುಗಾರನನ್ನೂ ಇಟ್ಟರು. ಆಮೇಲೆ ಕೆಲವು ತಿಂಗಳು ಅವರು ನನಗೆ ಕಾಣಲಿಲ್ಲ. ಹೆದ್ದಾರಿಯ ಪಕ್ಕದ ಇಳಿಜಾರಿನಲ್ಲಿ, ಲಾರಿಗಳ ಧೂಳಿನಲ್ಲಿ ಕುರಿ ಮೇಯಿಸುತ್ತ ಮನ್ನಾಏಖೇಳ್ಳಿ ಕಡೆ ಹೋದರೆಂದು ಯಾರೋ ಹೇಳಿದರು.

ಮುಂದಿನ ಚಳಿಗಾಲದಲ್ಲಿ ಚುನಾವಣೆಯ ತರಬೇತಿಗೆಂದು ನಾನು ಮನ್ನಾಏಖೇಳ್ಳಿಗೆ ಹೋಗಿದ್ದೆ. ಬಸ್ಸು ಇಳಿಯುವ ಜಾಗದ ಚಹಾದ ಅಂಗಡಿಯ ಮುಂದೆ ಅವರು ಕೂತಿದ್ದರು. ಬಹಳ ಇಳಿದುಹೋಗಿದ್ದರು. ನಾನು ಹತ್ತಿರ ಹೋಗಿ ಕೂತು, ಹೇಗಿದ್ದೀರಿ ಎಂದೆ. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಬಾಯಾರ, ನಾನೇ ಇಟ್ಟೆನ್ರಿ," ಎಂದರು.

ನನಗೆ ಅರ್ಥವಾಗಲಿಲ್ಲ.

"ಜಹರ. ನಾನೇ ಇಟ್ಟೆ."

ನಿಧಾನವಾಗಿ, ಒಂದೊಂದಾಗಿ ಹೇಳಿದರು. ಗಾಯರಾಣ ಹೋದ ಮೇಲೆ ಅವರು ಹೊಲಗಳ ಅಂಚಿನಲ್ಲಿ ಹಟ್ಟಿ ಹಾಕಬೇಕಾಯಿತು. ಹುಲ್ಲಿಲ್ಲದ ಮೇಲೆ ಮೊಲಗಳಿಲ್ಲ, ಚಿಗರಿಗಳು ಚದುರಿಹೋದವು. ತಾಯಿತೋಳವೂ ಅದರ ಬೆಳೆದ ಮರಿಯೂ ಅವರ ಹಿಂದೆಯೇ ಬಂದವು. ವರ್ಷಕ್ಕೆ ಒಂದೆರಡು ಒಯ್ಯುತ್ತಿದ್ದದ್ದು ಆ ವರ್ಷ ಒಂದೇ ತಿಂಗಳಿನಲ್ಲಿ ಹನ್ನೊಂದು ಮರಿ ಒಯ್ದವು. ಅವರ ಹೆಂಡತಿ ಊಟ ಬಿಟ್ಟು ಕೂತಳು. ಹೊಲದವರು, ನಿನ್ನ ಕುರಿಯ ಬೆನ್ನಿಗೆ ತೋಳ ಬರುತ್ತವೆ, ನಮ್ಮ ಮಕ್ಕಳಿದ್ದಾರೆ, ಇಲ್ಲಿಂದ ಏಳು ಎಂದರು. ಸತ್ತ ಒಂದು ಕುರಿಮರಿಯ ಹೊಟ್ಟೆಗೆ ಬೆಳೆಗೆ ಹೊಡೆಯುವ ವಿಷ ಸುರಿದು ಅವರು ಹಳ್ಳದ ದಂಡೆಯಲ್ಲಿ ಇಟ್ಟರು.

"ಮುಂಜಾನಿ ಹೋಗಿ ನೋಡ್ದೆ. ಎರಡೂ ಬಿದ್ದಿದ್ವು. ತಾಯಿ ನೀರಿನ ತನಕ ಹೋಗಿತ್ತು. ಮರಿ ಅಲ್ಲೇ." ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಇದೇ ಕೈಲಿ ಕಲ್ಲ ಎತ್ತಿದ್ದೆನಲ್ರಿ."

ತರಬೇತಿಗೆ ಹೊತ್ತಾಯಿತೆಂದು ಎದ್ದೆ. ಅಲ್ಲಿ ಇಡೀ ದಿನ ಏನು ಹೇಳಿಕೊಟ್ಟರೆಂದು ಇವತ್ತಿಗೂ ನನಗೆ ನೆನಪಿಲ್ಲ.

ಗಿಡಗಳ ಕಥೆ ಹೇಳುವಷ್ಟೇನೂ ಇಲ್ಲ. ಮೊದಲ ಬೇಸಿಗೆಯಲ್ಲಿ ಔಷಧ ಅಂಗಡಿಯವರು ಟ್ಯಾಂಕರ್ ನೀರು ತರಿಸಿ ತಮ್ಮ ಕೈಯಾರೆ ಹಾಕಿದರು. ಭಾನುವಾರಗಳಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಪೈಪು ಹಿಡಿದು ನಿಲ್ಲುತ್ತಿದ್ದರು. ಆ ಮುರುಮಿನ ನೆಲದಲ್ಲಿ ಒಂದು ಗೇಣು ಕೆಳಗೆ ಬರೀ ಕಲ್ಲು. ಬೇವು, ಹುಲಗಲ ಒಣಗಿದವು. ಅಕೇಶಿಯಾ ಉಳಿಯಿತು. ಕಾಲುವೆಗಳಲ್ಲಿ ಎಲ್ಲಿಂದಲೋ ಬಳ್ಳಾರಿ ಜಾಲಿ ಬಂದು ಹಬ್ಬಿತು. ಎರಡನೆಯ ಮಳೆಗಾಲದಲ್ಲಿ ಕಾವಲುಗಾರ ನನಗೆ ಫೋನ್ ಮಾಡಿದ. ಹೋಗಿ ನೋಡಿದರೆ ಒಂದು ಗಂಡು ಚಿಗರಿ ತಂತಿಬೇಲಿಯನ್ನು ಜಿಗಿಯಲು ಹೋಗಿ ಕೋಡು ಸಿಕ್ಕಿಕೊಂಡು ತಲೆಕೆಳಗಾಗಿ ಸತ್ತಿತ್ತು. ಬಯಲು ಇದ್ದಾಗ ಅದು ಓಡುತ್ತಿದ್ದ ದಾರಿಗೆ ಈಗ ಬೇಲಿ ಅಡ್ಡ ಬಂದಿತ್ತು. "ಇದು ಮೂರನೇದ್ರಿ," ಎಂದ ಅವನು. "ಮೊದಲಿನ ಎರಡು ಯಾರಿಗೂ ಹೇಳಿಲ್ಲ."

ಆಗಲೇ ನಾನು ಪುಸ್ತಕಗಳನ್ನು ಮತ್ತೆ ತೆಗೆದದ್ದು. ಹುಲ್ಲುಗಾವಲಿನ ಪ್ರಾಣಿಗಳ ಬಗ್ಗೆ ಓದುತ್ತ ಹೋದೆ. ಕುರಿಗಾಹಿ ದಿಬ್ಬದ ಹಿಂದೆ ಕೂತು ನಾಲ್ಕು ಮಾತಿನಲ್ಲಿ ಹೇಳಿದ್ದನ್ನೇ ಅವು ನೂರಾರು ಪುಟಗಳಲ್ಲಿ ಹೇಳುತ್ತಿದ್ದವು. ಕಾಡಿಲ್ಲದ್ದಕ್ಕೆ ತೋಳ ರಸ್ತೆಗೆ ಬಂದಿರಲಿಲ್ಲ. ಅದರ ಬಯಲಿನ ಮಧ್ಯೆ ರಸ್ತೆ ಬಂದಿತ್ತು. ಉಳಿದಿದ್ದ ಸ್ವಲ್ಪ ಬಯಲನ್ನು ನಾವು ತೆಗೆದಿದ್ದೆವು.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ಪರಿಸರದ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ನಿಂತಳು. ಹಿಂದೆ ಗಿಡ ಹಚ್ಚಲು ಬಂದವರಲ್ಲಿ ಅವಳೂ ಇದ್ದಳು. "ಬಾಯಾರ, ನಮ್ಮ ಅಡವಿಗೆ ತೋಳ ಬಂದಾವೇನ್ರಿ?" ಎಂದಳು.

ಬರುತ್ತವೆ ಎನ್ನಬಹುದಿತ್ತು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅರ್ಜಿಯ ವಾಕ್ಯ, ಚಪ್ಪಡಿ, ಮೂರು ಮರಿಗಳು, ನನ್ನ ಭಾಷಣ. ವಿಷ ಇಟ್ಟವರು ಯಾರೆಂಬುದೊಂದನ್ನು ಬಿಟ್ಟೆ. ಮುಂದಿನ ಬೆಂಚಿನಲ್ಲಿ ಒಬ್ಬಳು ಅಳುತ್ತಿದ್ದಳು. ಕೇಳಿದ ಹುಡುಗಿ ಇನ್ನೂ ನಿಂತೇ ಇದ್ದಳು.

"ಹಂಗಾದ್ರ ನಾವು ಹಚ್ಚಿದ ಗಿಡ ಕೀಳಬೇಕೇನ್ರಿ?"

"ಗೊತ್ತಿಲ್ಲಮ್ಮ," ಎಂದೆ. "ಕೇಳಿ ನೋಡ್ತೀನಿ."

ಎರಡು ದಿನದಲ್ಲಿ ಸುದ್ದಿ ಊರೆಲ್ಲ ಆಯಿತು. ಒಬ್ಬ ತಂದೆ ಬಂದು, ಮಗಳು ರಾತ್ರಿ ಬೆಚ್ಚಿಬೀಳುತ್ತಾಳೆಂದು ಮುಖ್ಯೋಪಾಧ್ಯಾಯರಿಗೆ ದೂರು ಕೊಟ್ಟರು. ಮುಖ್ಯೋಪಾಧ್ಯಾಯರು ನನ್ನಿಂದ ಲಿಖಿತ ವಿವರಣೆ ಕೇಳಿದರು. ನಾನು ಮಕ್ಕಳಿಗೆ ಹೇಳಿದ್ದನ್ನೇ ಬರೆದುಕೊಟ್ಟೆ. ಔಷಧ ಅಂಗಡಿಯವರು ನನ್ನ ಜೊತೆ ಮಾತು ಬಿಟ್ಟರು. ಅವರ ಅಂಗಡಿಯ ಮುಂದೆ ಹಾದುಹೋಗುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಆ ಗಿಡಗಳಿಗೆ ಅವರಷ್ಟು ನೀರು ಹೊತ್ತವರು ಯಾರೂ ಇಲ್ಲ.

ಹುಡುಗಿಗೆ ಕೊಟ್ಟ ಮಾತಿನಂತೆ ಅದೇ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಒಬ್ಬ ಅಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡರು. "ಮೇಡಂ, ಗಿಡ ಹಚ್ಚಾಕ ಒಂದು ಅರ್ಜಿ ಸಾಕಿತ್ತು. ಕಡಿಯಾಕ ಹಂಗ ಆಗಲ್ರಿ. ಈಗ ದಾಖಲೆದಾಗ ಅದು ಅರಣ್ಯ ಅದ. ಒಂದು ಗಿಡ ಮುಟ್ಟಿದ್ರೂ ಕೇಸ್." ಆದರೂ ನಾನು ಬರೆದುಕೊಟ್ಟೆ. ಮೊದಲ ಅರ್ಜಿಯಲ್ಲಿ ನಾನು ಬರೆದದ್ದು ಸುಳ್ಳು, ಆ ಜಮೀನು ಬರಡಾಗಿರಲಿಲ್ಲ, ಹಳ್ಳದ ಆಚೆ ಗಿಡ ಹಚ್ಚದೆ ಉಳಿದಿರುವ ಬಯಲಿನ ತುಂಡನ್ನಾದರೂ ಹಾಗೆಯೇ ಬಿಡಿ ಎಂದು. ಅದಕ್ಕೆ ಉತ್ತರ ಬಂದಿಲ್ಲ. ಹಳ್ಳದ ಆಚೆ ಇನ್ನೂ ಅಗೆದಿಲ್ಲ. ನನ್ನ ಕಾಗದ ಓದಿ ಬಿಟ್ಟರೋ, ಬೇರೆ ಕೆಲಸದಲ್ಲಿ ಮರೆತರೋ ಯಾರಿಗೆ ಗೊತ್ತು.

ಕುರಿಗಾಹಿ ಕುರಿಗಳನ್ನು ಮಾರಿಬಿಟ್ಟರು. ಈಗ ಹುಮನಾಬಾದಿನ ಕಾರ್ಖಾನೆಗಳ ಕಡೆ ಒಂದು ಗೇಟಿನಲ್ಲಿ ಕಾವಲು ಕೆಲಸಕ್ಕಿದ್ದಾರೆ. ನೀಲಿ ಅಂಗಿ, ಟೋಪಿ. ಮೊದಲ ಸಲ ನೋಡಿದಾಗ ನನಗೆ ಗುರುತೇ ಸಿಗಲಿಲ್ಲ; ಅವರೇ ಕರೆದರು. ಗಾಳಿಯಲ್ಲಿ ಕೊಳೆತ ಔಷಧದಂಥ ವಾಸನೆ. "ರೂಢಿ ಆಗ್ಯಾದ್ರಿ," ಎಂದರು. ಬಯಲು ಹೇಗಿದೆ ಎಂದು ಕೇಳಿದರು. ಗಿಡ ಸತ್ತ ಕಡೆ ಎರಡು ಮೂರು ಸಾಲಿನಲ್ಲಿ ಹುಲ್ಲು ಮತ್ತೆ ಎದ್ದಿದೆ, ಚಿಗರಿಗಳು ಬೇಲಿಯ ಹೊರಗೆ ನಿಂತು ನೋಡಿ ಹೋಗುತ್ತವಂತೆ ಎಂದೆ. ಅವರು ಆ ಕಡೆ ಹೋಗಿ ಎರಡು ವರ್ಷದ ಮೇಲಾಗಿತ್ತು.

"ರವಿವಾರ ಸಂಜಿ ತನಕ ನಂಗ ಸೂಟಿ ಅದ," ಎಂದರು. "ಬರ್ತೀರೇನು?"

ಹೋದ ತಿಂಗಳ ಆ ಭಾನುವಾರ ನಾವಿಬ್ಬರೂ ಹೋದೆವು. ಕಾವಲುಗಾರ ನಮ್ಮನ್ನು ತಡೆಯಲಿಲ್ಲ. ಅವರು ಚಪ್ಪಡಿ ಇದ್ದ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ನನಗೆ ಬೆನ್ನು ಹಾಕಿ ನಿಂತಿದ್ದು ಬಂದರು. ಆಮೇಲೆ ಬೇಲಿಯ ಗುಂಟ ನಡೆಯುತ್ತ ಹೋಗಿ, ನೆಲ ಇಳಿಜಾರಾಗಿ ಹಳ್ಳದ ಕಡೆ ತಿರುಗುವ ಒಂದು ಜಾಗದಲ್ಲಿ ನಿಂತರು. "ಚಿಗರಿ ಇಲ್ಲೇ ದಾಟ್ತಿದ್ವು," ಎಂದರು. ಅಲ್ಲಿ ಎರಡು ಕಲ್ಲುಕಂಬಗಳು ಮಳೆಗೆ ಸಡಿಲಾಗಿದ್ದವು. ಅವರು ಒಂದನ್ನು ಹಿಡಿದು ಅಲುಗಾಡಿಸಿದರು, ನಾನು ಇನ್ನೊಂದನ್ನು. ಅವು ಬಿದ್ದವು. ತಂತಿಯನ್ನು ನೆಲಕ್ಕೆ ಒತ್ತಿ, ಅದರ ಮೇಲೆ ಕಲ್ಲು ಹೇರಿದೆವು. ಸುಮಾರು ಹತ್ತು ಮಾರಿನಷ್ಟು ದಾರಿಯಾಯಿತು. ಕಾವಲುಗಾರ ದೂರದಲ್ಲಿ ನಿಂತು ನೋಡುತ್ತಿದ್ದವನು, ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದ.

ನಾವು ಬಹಳ ಹೊತ್ತು ಕಾದೆವು. ಏನೂ ಬರಲಿಲ್ಲ. ಅವರಿಗೆ ಆರು ಗಂಟೆಗೆ ಗೇಟಿನ ಪಾಳಿ ಇತ್ತು, ನನಗೆ ಬಸವಕಲ್ಯಾಣದ ಬಸ್ಸು. ಕೈಗೆ ಹತ್ತಿದ ತುಕ್ಕನ್ನು ಹುಲ್ಲಿಗೆ ಒರೆಸಿಕೊಂಡು ಹೆದ್ದಾರಿಯ ಕಡೆ ನಡೆದೆವು.